ಅಜ್ಜಿಯ ಹಾಸಿಗೆ ಪಕ್ಕದ ಸ್ಪೀಕರ್: ಒಂದೇ ಸೆಲ್‌ಗೆ ಒಪ್ಪುವ ಆಂಪ್ಲಿಫೈಯರ್ ಹುಡುಕಿದ ಕಥೆ

ಅಜ್ಜಿಗೆ ಕಣ್ಣು ಮಂಜಾಗಿ ಮೂರು ವರ್ಷವಾಯಿತು. ಈಗ ಅವರ ಪಾಲಿಗೆ ಪುಸ್ತಕ ಅಂದ್ರೆ ಕೇಳುವ ಪುಸ್ತಕ. ಅಂಗೈಯಲ್ಲಿ ಹಿಡಿಯುವಂಥ ಒಂದು ಪ್ಲೇಯರ್ ಇದೆ, ಅದರಲ್ಲಿ ಯಾರಾದರೂ ಓದಿ ಧ್ವನಿಮುದ್ರಿಸಿದ ಪುಸ್ತಕಗಳನ್ನು ತುಂಬಿಕೊಟ್ಟಿದ್ದೇವೆ. ಪಕ್ಕದಲ್ಲೇ ಹಳೆಯ ಮೀಡಿಯಂ ವೇವ್ ರೇಡಿಯೋ. ಪ್ಲೇಯರ್‌ಗೆ ಸ್ಪೀಕರ್ ಇಲ್ಲ, ಹೆಡ್‌ಫೋನ್ ತೂತು ಮಾತ್ರ. ಹೆಡ್‌ಫೋನ್ ಹಾಕಿಕೊಂಡರೆ ಕಿವಿ ನೋಯುತ್ತೆ, ಮನೆಯವರು ಕರೆದರೂ ಕೇಳಿಸುವುದಿಲ್ಲ.

"ಮಂಚದ ಪಕ್ಕ ಇಟ್ಕೊಳ್ಳೋ ಹಾಗೆ ಒಂದು ಸಣ್ಣ ಸ್ಪೀಕರ್ ಮಾಡಿಕೊಡೋ. ಗೋಡೆಗೆ ಸಿಕ್ಕಿಸೋ ವೈರ್ ಬೇಡ. ಕಾಲಿಗೆ ಸಿಕ್ಕುತ್ತೆ" ಅಂದರು.

ರೆಡಿಮೇಡ್ ಬ್ಲೂಟೂತ್ ಸ್ಪೀಕರ್ ಕೊಟ್ಟು ನೋಡಿದ್ದೆವು. ಅದರ ಗುಂಡಿಗಳೆಲ್ಲ ಒಂದೇ ರಬ್ಬರ್ ಪಟ್ಟಿಯ ಮೇಲೆ, ಮುಟ್ಟಿ ಗುರುತಿಸಲು ಆಗುವುದಿಲ್ಲ. ಕಣ್ಣು ಕಾಣದವರಿಗೆ ಅದು ಸ್ಪೀಕರ್ ಅಲ್ಲ, ಒಗಟು. ಹಾಗಾಗಿ ನಾನೇ ಕಟ್ಟಲು ಕೂತೆ.

ಸ್ಪೀಕರ್ ಡಬ್ಬ ಕಟ್ಟುವುದು ಕಷ್ಟವಲ್ಲ. ನನಗೆ ಎರಡು ತಿಂಗಳು ಹಿಡಿದದ್ದು ಯಾವ ಆಂಪ್ಲಿಫೈಯರ್ ಸರ್ಕ್ಯೂಟ್ ಹಾಕುವುದು ಅನ್ನುವ ಒಂದೇ ಪ್ರಶ್ನೆ. ಏನೇನು ಹಾಕಿದೆ, ಯಾಕೆ ತೆಗೆದೆ, ಕೊನೆಗೆ ಯಾವುದು ಯಾಕೆ ಉಳಿಯಿತು ಅನ್ನುವುದನ್ನು ಪೂರ್ತಿ ಬರೆಯುತ್ತಿದ್ದೇನೆ. ಬ್ಯಾಟರಿ ಮೇಲೆ ನಡೆಯುವ ಸಣ್ಣ ಸ್ಪೀಕರ್ ಕಟ್ಟುವ ಯಾರಿಗಾದರೂ ಈ ಲೆಕ್ಕ ಬೇಕಾಗುತ್ತೆ.

ಮೊದಲು ಬೇಕಾಗಿದ್ದು ಏನು

ಒಂದು 18650 ಲಿಥಿಯಂ ಸೆಲ್, 2200 ಮಿಲಿ ಆಂಪ್ ಅವರ್‌ನದು. ತುಂಬಿದಾಗ 4.2 ವೋಲ್ಟ್, ಹೆಚ್ಚಿನ ಹೊತ್ತು 3.7 ವೋಲ್ಟ್ ಆಸುಪಾಸು, 3 ವೋಲ್ಟ್‌ಗೆ ಬಂದರೆ ಮುಗಿಯಿತು ಅಂತಲೇ ಲೆಕ್ಕ. ಅಜ್ಜಿ ದಿನಕ್ಕೆ ಐದು ಗಂಟೆ ಕೇಳುತ್ತಾರೆ ಅಂತ ಇಟ್ಟುಕೊಂಡೆ. ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕಾಗಬೇಕು. ತಿರುಗಿಸಿದರೆ ಟಕ್ ಅನ್ನುವ ಸ್ವಿಚ್ ಇರುವ ವಾಲ್ಯೂಮ್ ನಾಬ್ ಒಂದೇ ಇರಬೇಕು. ರಾತ್ರಿ ಕಥೆಯ ನಡುವೆ ಓದುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಸ್ಪೀಕರ್ ಸುಯ್ ಅನ್ನಬಾರದು.

ಇಷ್ಟಾದ ಮೇಲೆ ಎಷ್ಟು ಪವರ್ ಬೇಕು? ಎಲ್ಲರೂ ಎಡವುವುದು ಇಲ್ಲೇ ಅನ್ನಿಸುತ್ತೆ. 3 ವಾಟ್, 5 ವಾಟ್ ಅಂತ ಬೋರ್ಡಿನ ಮೇಲೆ ಬರೆದದ್ದನ್ನು ನೋಡಿ ಆರಿಸುತ್ತೇವೆ. ಲೆಕ್ಕ ಹಾಕಿ ನೋಡಿದರೆ ಬೇರೆಯದೇ ಚಿತ್ರ ಸಿಗುತ್ತೆ.

ಮೊದಲು ಕೈಗೆ ಸಿಕ್ಕಿದ್ದು 40 ಮಿಲಿಮೀಟರ್‌ನ ತೆಳು ಸ್ಪೀಕರ್. ಅದರ ಸೆನ್ಸಿಟಿವಿಟಿ 80 ಡೆಸಿಬೆಲ್. ಅಂದರೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 80 ಡೆಸಿಬೆಲ್ ಸದ್ದು. ಅದನ್ನು ಬಿಟ್ಟು 3 ಇಂಚಿನ, 8 ಓಮ್‌ನ, 86 ಡೆಸಿಬೆಲ್‌ನ ಪೇಪರ್ ಕೋನ್ ಸ್ಪೀಕರ್ ತಂದೆ. 6 ಡೆಸಿಬೆಲ್ ವ್ಯತ್ಯಾಸ ಅಂದ್ರೆ ಅದೇ ಸದ್ದಿಗೆ ನಾಲ್ಕನೇ ಒಂದು ಭಾಗ ಪವರ್ ಸಾಕು. ಐಸಿ, ಅಂದರೆ ಆಂಪ್ಲಿಫೈಯರ್ ಚಿಪ್, ಬದಲಿಸದೆಯೇ ಸಿಗುವ ದೊಡ್ಡ ಲಾಭ ಇದು. ಆಂಪ್ಲಿಫೈಯರ್ ಆರಿಸುವ ಕೆಲಸ ಸ್ಪೀಕರ್ ಆರಿಸುವುದರಿಂದಲೇ ಶುರುವಾಗಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಅಜ್ಜಿಯ ಕಿವಿಗೂ ಮಂಚದ ಪಕ್ಕದ ಮೇಜಿಗೂ ಹೆಚ್ಚುಕಡಿಮೆ ಒಂದು ಮೀಟರ್. ಒಂದು ಮೀಟರ್ ದೂರದಲ್ಲಿ ಕೂತು ಮಾತಾಡಿದರೆ ಸುಮಾರು 60 ಡೆಸಿಬೆಲ್ ಇರುತ್ತೆ. ಅಜ್ಜಿಯ ಕಿವಿ ಸ್ವಲ್ಪ ಮಂದ, 70 ಇಟ್ಟುಕೊಳ್ಳೋಣ. 86ಕ್ಕಿಂತ 16 ಡೆಸಿಬೆಲ್ ಕಡಿಮೆ. ಅಂದರೆ 1 ವಾಟ್‌ನ ನಲವತ್ತನೇ ಒಂದು ಭಾಗ, 25 ಮಿಲಿವಾಟ್. ಅಷ್ಟೇ! ಮಾತಿನಲ್ಲಿ ಆಗಾಗ ಏಳುವ ಗಟ್ಟಿ ಅಕ್ಷರಗಳು ಸರಾಸರಿಗಿಂತ 12 ಡೆಸಿಬೆಲ್ ಮೇಲೆ ಹೋಗಬಹುದು. ಆ ಕ್ಷಣಕ್ಕೆ 0.4 ವಾಟ್ ಬೇಕು. 8 ಓಮ್ ಸ್ಪೀಕರ್‌ನಲ್ಲಿ 0.4 ವಾಟ್ ಅಂದ್ರೆ ಅಲೆಯ ತುದಿಯಲ್ಲಿ (ಪೀಕ್) ಸುಮಾರು 2.5 ವೋಲ್ಟ್.

ಇಲ್ಲಿಂದ ಎರಡು ಪ್ರಶ್ನೆ ಹುಟ್ಟಿತು. 3.7 ವೋಲ್ಟ್ ಸೆಲ್‌ನಿಂದ ಆ 2.5 ವೋಲ್ಟ್ ತುದಿ ತಲುಪುವ ಸರ್ಕ್ಯೂಟ್ ಯಾವುದು? ಬರೀ 25 ಮಿಲಿವಾಟ್ ಕೊಡುತ್ತಾ ಕೂತಿರುವಾಗ ಸೆಲ್‌ನಿಂದ ಕಡಿಮೆ ಕರೆಂಟ್ ಎಳೆಯುವುದು ಯಾವುದು? ಎರಡನೆಯದು ಎಷ್ಟು ಮುಖ್ಯ ಅಂತ ಆಗ ನನಗೆ ಅಂದಾಜು ಇರಲಿಲ್ಲ.

ಹಳೇ ಗೆಳೆಯ, ಎಲ್‌ಎಂ386

ಎಲೆಕ್ಟ್ರಾನಿಕ್ಸ್ ಕಲಿತವರು ಮೊದಲು ಕಟ್ಟುವ ಆಂಪ್ಲಿಫೈಯರ್ ಬಹುಶಃ ಇದೇ. ಎಂಟು ಕಾಲಿನ ಐಸಿ. ನಾಲ್ಕೈದು ಬಿಡಿಭಾಗ ಸೇರಿಸಿದರೆ ಸದ್ದು ಬರುತ್ತೆ. ಸುಮ್ಮನಿದ್ದಾಗ 4 ಮಿಲಿ ಆಂಪ್ ಮಾತ್ರ. ಏನೂ ಹಾಕದಿದ್ದರೆ ಗೇನ್, ಅಂದರೆ ಒಳಗೆ ಬಂದ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತೆ ಅನ್ನುವುದು, 20. 1 ಮತ್ತು 8ನೇ ಕಾಲಿನ ನಡುವೆ 10 ಮೈಕ್ರೋ ಫ್ಯಾರಡ್ ಕೆಪಾಸಿಟರ್ ಹಾಕಿದರೆ 200. ನನಗೆ ಅದರ ಮೇಲೆ ನಿಜವಾಗಿ ಪ್ರೀತಿ ಇದೆ.

ಆದರೆ ಅದಕ್ಕೆ ಕನಿಷ್ಠ 4 ವೋಲ್ಟ್ ಬೇಕು. ನಮ್ಮ ಸೆಲ್ ತುಂಬಿದ ಸ್ವಲ್ಪ ಹೊತ್ತಿಗೇ 4ರ ಕೆಳಗೆ ಇಳಿಯುತ್ತೆ. ಇನ್ನೊಂದು ತೊಡಕು ಅದಕ್ಕಿಂತ ಆಳದ್ದು. 386ರ ಔಟ್‌ಪುಟ್ ಸಪ್ಲೈನ (ಬ್ಯಾಟರಿ ಕೊಡುವ ವೋಲ್ಟೇಜ್‌ನ) ಅರ್ಧದಲ್ಲಿ ನಿಂತು ಮೇಲೆ ಕೆಳಗೆ ಆಡುತ್ತೆ. ಸ್ಪೀಕರ್‌ನ ಇನ್ನೊಂದು ತುದಿ ಗ್ರೌಂಡ್‌ನಲ್ಲಿರುತ್ತೆ, ನಡುವೆ ದೊಡ್ಡ ಕೆಪಾಸಿಟರ್. 3.7 ವೋಲ್ಟ್‌ನಲ್ಲಿ ಮೇಲೊಂದಿಷ್ಟು ಕೆಳಗೊಂದಿಷ್ಟು ಬಿಟ್ಟರೆ ಆಡಲು ಉಳಿಯುವುದು ಒಟ್ಟು 2.2 ವೋಲ್ಟ್, ಅಂದರೆ ತುದಿಗೆ 1.1. ಪವರ್ ಸುಮಾರು 75 ಮಿಲಿವಾಟ್. ನಮಗೆ ಬೇಕಾದ 0.4 ವಾಟ್‌ಗೆ ಇದು ಎಲ್ಲಿಂದ ಸಾಕಾಗಬೇಕು? ಸೆಲ್‌ಗೆ ಹಾಕಿ ಕೇಳಿದೆ. ಮೆತ್ತಗೆ ಓದುವಾಗ ಚೆನ್ನಾಗಿತ್ತು. ಓದುವವರು ಸ್ವಲ್ಪ ದನಿ ಎತ್ತಿದ ಕೂಡಲೇ ಗಂಟಲು ಕಟ್ಟಿದ ಹಾಗೆ ಒಡೆಯುತ್ತಿತ್ತು.

9 ವೋಲ್ಟ್ ಚೌಕ ಬ್ಯಾಟರಿ ಹಾಕಿದರೆ ಆ ತೊಂದರೆ ಇಲ್ಲ. ಆದರೆ ಅದರೊಳಗೆ ಇರುವುದು 500 ಮಿಲಿ ಆಂಪ್ ಅವರ್ ಆಸುಪಾಸು ಮಾತ್ರ. 25 ಮಿಲಿವಾಟ್ ಸದ್ದಿಗೆ 386 ಸುಮಾರು 29 ಮಿಲಿ ಆಂಪ್ ಎಳೆಯುತ್ತೆ. 17 ಗಂಟೆ. ಅಂದರೆ ಮೂರೂವರೆ ದಿನಕ್ಕೊಂದು ಬ್ಯಾಟರಿ ಎಸೆಯಬೇಕು. ಲಿಥಿಯಂ ಸೆಲ್ ಮುಂದೆ ಬೂಸ್ಟ್ ಮಾಡ್ಯೂಲ್ ಇಟ್ಟು 9 ವೋಲ್ಟ್‌ಗೆ ಏರಿಸೋಣವೆಂದರೆ, ಅದೂ ಒಂದಷ್ಟು ಕರೆಂಟ್ ತಿನ್ನುತ್ತೆ, ಅದರ ಸಣ್ಣ ಕೀರಲು ಸದ್ದು ಆಂಪ್ಲಿಫೈಯರ್ ಒಳಗೂ ಬರುತ್ತೆ. ಮನಸ್ಸಿಲ್ಲದ ಮನಸ್ಸಿನಿಂದ 386 ಅನ್ನು ಪಕ್ಕಕ್ಕಿಟ್ಟೆ.

ಎರಡೂ ಕಡೆ ತಳ್ಳುವ ಉಪಾಯ

ಕಡಿಮೆ ವೋಲ್ಟೇಜ್‌ನಲ್ಲಿ ಜಾಸ್ತಿ ಸದ್ದು ಬೇಕಾದರೆ ಬ್ರಿಡ್ಜ್ ಕಟ್ಟಬೇಕು. ಸ್ಪೀಕರ್‌ನ ಎರಡೂ ತುದಿಗೆ ಒಂದೊಂದು ಆಂಪ್ಲಿಫೈಯರ್. ಒಂದು ಮೇಲೆ ತಳ್ಳಿದಾಗ ಇನ್ನೊಂದು ಕೆಳಗೆ ಎಳೆಯುತ್ತೆ. ಅದೇ ಸೆಲ್‌ನಿಂದ ಎರಡರಷ್ಟು ವೋಲ್ಟೇಜ್, ನಾಲ್ಕರಷ್ಟು ಪವರ್. ದೊಡ್ಡ ಕೆಪಾಸಿಟರ್ ಕೂಡ ಬೇಡ. ಲೆಕ್ಕದ ಪ್ರಕಾರ 3.6 ವೋಲ್ಟ್‌ನಿಂದ 8 ಓಮ್‌ಗೆ ಹೆಚ್ಚೆಂದರೆ 0.8 ವಾಟ್. ಐಸಿ ಒಳಗೆ ಸ್ವಲ್ಪ ಹೋದರೂ ನಮ್ಮ 0.4ಕ್ಕೆ ಧಾರಾಳ.

ಟಿಡಿಎ2822ಎಂ ಅನ್ನುವ ಐಸಿಯಲ್ಲಿ ಎರಡು ಆಂಪ್ಲಿಫೈಯರ್ ಇವೆ, ಬ್ರಿಡ್ಜ್ ಕಟ್ಟಬಹುದು, 1.8 ವೋಲ್ಟ್‌ವರೆಗೂ ಕೆಲಸ ಮಾಡುತ್ತೆ. ಸುಮ್ಮನಿದ್ದಾಗ 6 ಮಿಲಿ ಆಂಪ್. ಹಾಕಿದೆ. ಸದ್ದು ಸ್ವಚ್ಛವಾಗಿ ಬಂತು, ಒಡೆಯಲಿಲ್ಲ. ಆಯಿತು ಅಂದುಕೊಂಡೆ. ಆಮೇಲೆ ಸೆಲ್‌ಗೂ ಬೋರ್ಡಿಗೂ ನಡುವೆ ಮಲ್ಟಿಮೀಟರ್ ಸೇರಿಸಿದೆ.

50ರಿಂದ 55 ಮಿಲಿ ಆಂಪ್ ನಡುವೆ ಓಲಾಡುತ್ತಿತ್ತು.

ಮೊದಲು ಮೀಟರ್ ಸರಿಯಿಲ್ಲ ಅಂದುಕೊಂಡೆ. ಕೂತು ಲೆಕ್ಕ ಹಾಕಿದರೆ ಅದೇ ಬಂತು. 25 ಮಿಲಿವಾಟ್‌ಗೆ ಸ್ಪೀಕರ್‌ನಲ್ಲಿ ಅಲೆಯ ತುದಿಗೆ 79 ಮಿಲಿ ಆಂಪ್ ಹರಿಯುತ್ತೆ. ಈ ಬಗೆಯ ಐಸಿಯಲ್ಲಿ, ಅಂದರೆ ಕ್ಲಾಸ್ ಎಬಿಯಲ್ಲಿ, ಸ್ಪೀಕರ್‌ಗೆ ಹೋಗುವ ಕರೆಂಟ್ ಅಷ್ಟೂ ಸೆಲ್‌ನಿಂದಲೇ ಬರಬೇಕು. ಸರಾಸರಿ 50 ಮಿಲಿ ಆಂಪ್. 3.7 ವೋಲ್ಟ್‌ಗೆ 185 ಮಿಲಿವಾಟ್. ಸ್ಪೀಕರ್‌ಗೆ ತಲುಪಿದ್ದು 25. ಉಳಿದ 160 ಐಸಿಯೊಳಗೆ ಬಿಸಿಯಾಗಿ ಹೋಯಿತು. ಹಳೆಯ ಪಠ್ಯದಲ್ಲಿ ಇದರ ಹತ್ತಿರದ ನೆಂಟ ಕ್ಲಾಸ್ ಬಿಯ ದಕ್ಷತೆ 78.5 ಶೇಕಡಾ ಅಂತ ಓದಿದ್ದು ನೆನಪಿದೆ ಅಲ್ವಾ? ಅದು ಪೂರ್ತಿ ಸದ್ದಿನಲ್ಲಿ ಮಾತ್ರ. ಮೆಲ್ಲಗೆ ಕೇಳುವಾಗ ಅದು 13 ಶೇಕಡಾಕ್ಕೆ ಕುಸಿಯುತ್ತೆ. ನಾವು ಮನೆಯಲ್ಲಿ ಕೇಳುವುದು ಮೆಲ್ಲಗೇ.

ದಿನಕ್ಕೆ ಐದು ಗಂಟೆ, ಸುಮಾರು 56 ಮಿಲಿ ಆಂಪ್: 280 ಮಿಲಿ ಆಂಪ್ ಅವರ್. ಸೆಲ್‌ನ 80 ಶೇಕಡಾ ಮಾತ್ರ ಬಳಸಿದರೆ ಆರು ದಿನ. ವಾರಕ್ಕೆ ಒಂದು ದಿನ ಕಡಿಮೆ. ಇನ್ನೊಂದು ತೊಂದರೆಯೂ ಇತ್ತು. ಇದರ ಗೇನ್ ತುಂಬಾ ಜಾಸ್ತಿ, ಸುಮಾರು 39 ಡೆಸಿಬೆಲ್, ಅಂದರೆ ತೊಂಬತ್ತರಷ್ಟು. ಪ್ಲೇಯರ್‌ನಿಂದ ಬರುವ ಸದ್ದಿಗೆ ನಾಲ್ಕೈದರಷ್ಟು ಸಾಕು. ಹೆಚ್ಚಿನ ಗೇನ್ ಪ್ಲೇಯರ್ ಮತ್ತು ಐಸಿಯ ಸುಯ್ ಸದ್ದನ್ನೂ ತೊಂಬತ್ತರಷ್ಟು ಮಾಡುತ್ತೆ.

ಕ್ಲಾಸ್ ಡಿಗೆ ಹೋದದ್ದು

ಕ್ಲಾಸ್ ಡಿ ಆಂಪ್ಲಿಫೈಯರ್ ಸ್ಪೀಕರ್‌ಗೆ ಮೇಲೆ ಕೆಳಗೆ ಆಡುವ ವೋಲ್ಟೇಜ್ ಕೊಡುವುದೇ ಇಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಪೂರ್ತಿ ಆನ್, ಪೂರ್ತಿ ಆಫ್ ಮಾಡುತ್ತೆ. ಆನ್ ಇರುವ ಹೊತ್ತು ಉದ್ದವೋ ಗಿಡ್ಡವೋ ಅನ್ನುವುದರಲ್ಲೇ ಸದ್ದು ಅಡಗಿರುತ್ತೆ. ಸ್ಪೀಕರ್‌ನ ಸುರುಳಿಯೇ ಅದನ್ನು ನಯವಾಗಿಸುತ್ತೆ. ಸ್ವಿಚ್ ಪೂರ್ತಿ ಆನ್ ಅಥವಾ ಪೂರ್ತಿ ಆಫ್ ಇದ್ದಾಗ ಅದರಲ್ಲಿ ಬಿಸಿ ಕಡಿಮೆ. ನಮ್ಮ ಕೆಲಸಕ್ಕೆ ಇದರ ದೊಡ್ಡ ಗುಣ ಅಂದ್ರೆ ಮೆಲ್ಲಗೆ ಕೇಳುವಾಗಲೂ ದಕ್ಷತೆ ಅಷ್ಟಾಗಿ ಹಾಳಾಗುವುದಿಲ್ಲ.

ಎಲ್ಲ ಕಡೆ ಸಿಗುವ ಪಿಎಎಂ8403 ಬೋರ್ಡಿನಿಂದ ಶುರು ಮಾಡಿದೆ. ಹೆಬ್ಬೆರಳಿನಷ್ಟು ಬೋರ್ಡ್, ಎರಡು ಚಾನೆಲ್, 5 ವೋಲ್ಟ್ ಕೊಟ್ಟರೆ 4 ಓಮ್‌ಗೆ ಚಾನೆಲ್‌ಗೆ 3 ವಾಟ್. ಮೊದಲ ಬೋರ್ಡ್ ನನ್ನ ಕೈಯಲ್ಲೇ ಹಾಳಾಯಿತು. 386ರ ಅಭ್ಯಾಸಬಲದಿಂದ ಸ್ಪೀಕರ್‌ನ ಒಂದು ತುದಿಯನ್ನು ಗ್ರೌಂಡ್‌ಗೆ ಬೆಸುಗೆ ಹಾಕಿದ್ದೆ. ಬ್ರಿಡ್ಜ್ ಔಟ್‌ಪುಟ್‌ನಲ್ಲಿ ಎರಡೂ ತುದಿ ಜೀವಂತ, ಯಾವುದನ್ನೂ ಗ್ರೌಂಡ್‌ಗೆ ಮುಟ್ಟಿಸಬಾರದು. ಹೊಸದಾಗಿ ಕಟ್ಟುವವರು ದಯವಿಟ್ಟು ಈ ಒಂದು ಮಾತು ನೆನಪಿಡಿ.

ಎರಡನೇ ಬೋರ್ಡ್ ಚೆನ್ನಾಗಿ ಹಾಡಿತು. ಆದರೆ ಸದ್ದೇ ಇಲ್ಲದಾಗ ಮೀಟರ್ 10 ಮಿಲಿ ಆಂಪ್ ತೋರಿಸುತ್ತಿತ್ತು. ನನಗೆ ಬೇಕಾದದ್ದು ಒಂದು ಚಾನೆಲ್, ಇದು ಎರಡನ್ನೂ ಎಚ್ಚರವಾಗಿಟ್ಟಿತ್ತು. ಸದ್ದಿಗೆ ಬೇಕಾದ ಕರೆಂಟ್ ಕ್ಲಾಸ್ ಡಿಯಲ್ಲಿ 8 ಮಿಲಿ ಆಂಪ್ ಮಾತ್ರ. ಅಂದರೆ ಕೆಲಸದ ಕರೆಂಟ್‌ಗಿಂತ ಸುಮ್ಮನೆ ಕೂತಿರುವ ಕರೆಂಟೇ ಜಾಸ್ತಿ! ಆಗ ನನಗೆ ಪೂರ್ತಿ ಅರ್ಥವಾಯಿತು. ಇಂಥ ಸ್ಪೀಕರ್‌ಗೆ ಬೋರ್ಡಿನ ಮೇಲಿನ ವಾಟ್ ನೋಡಿ ಪ್ರಯೋಜನವಿಲ್ಲ. ಐಸಿ ತಯಾರಿಸಿದವರು ಕೊಡುವ ವಿವರ ಪಟ್ಟಿಯಲ್ಲಿ, ಅಂದರೆ ಡೇಟಾಶೀಟ್‌ನಲ್ಲಿ, ಕ್ವೈಸೆಂಟ್ ಕರೆಂಟ್ ಅನ್ನುವ ಸಾಲು ಇರುತ್ತೆ, ಸದ್ದಿಲ್ಲದಾಗ ಎಳೆಯುವ ಕರೆಂಟ್. ಮೊದಲು ನೋಡಬೇಕಾದದ್ದು ಅದನ್ನು.

ಹಾಗೆ ಹುಡುಕುತ್ತಾ ಟಿಪಿಎ2005ಡಿ1ಗೆ ಬಂದೆ. ಒಂದೇ ಚಾನೆಲ್. 2.5ರಿಂದ 5.5 ವೋಲ್ಟ್. 5 ವೋಲ್ಟ್‌ನಲ್ಲಿ 8 ಓಮ್‌ಗೆ 1.4 ವಾಟ್. ಸುಮ್ಮನಿದ್ದಾಗ 2.8 ಮಿಲಿ ಆಂಪ್, ಶಟ್‌ಡೌನ್ ಮಾಡಿದರೆ 0.5 ಮೈಕ್ರೋ ಆಂಪ್. ಕಾಗದದ ಮೇಲೆ 3 ವಾಟ್ ಬೋರ್ಡಿನ ಮುಂದೆ ಇದು ಬಡವ. ನಮ್ಮ ಕೆಲಸಕ್ಕೆ ಇದೇ ಶ್ರೀಮಂತ.

ಅದರಲ್ಲಿ ನನಗೆ ಇನ್ನೂ ಹಿಡಿಸಿದ್ದು ಗೇನ್ ನಮ್ಮ ಕೈಯಲ್ಲಿ ಇರುವುದು. ಇನ್‌ಪುಟ್ ರೆಸಿಸ್ಟರ್ ಎಷ್ಟು ಕಿಲೋ ಓಮ್ ಇದೆಯೋ ಅದರಿಂದ 300 ಅನ್ನು ಭಾಗಿಸಿದರೆ ಗೇನ್. ಪ್ಲೇಯರ್ ಕೊಡುವುದು ತುದಿಗೆ 0.7 ವೋಲ್ಟ್, ನಮಗೆ ಬೇಕಾದದ್ದು 3ರ ಆಸುಪಾಸು. 68 ಕಿಲೋ ಓಮ್ ಹಾಕಿದೆ, ಗೇನ್ 4.4. ರಾತ್ರಿ ಹತ್ತೂವರೆಗೆ ಫ್ಯಾನ್ ಆರಿಸಿ, ಪ್ಲೇಯರ್ ನಿಲ್ಲಿಸಿ, ಕೋನ್‌ಗೆ ಕಿವಿ ಹಚ್ಚಿ ಕೇಳಿದೆ. ಇದೆಯೋ ಇಲ್ಲವೋ ಅನ್ನುವಷ್ಟು ಸುಯ್. ಒಂದು ಗೇಣು ದೂರ ಬಂದರೆ ಅದೂ ಇಲ್ಲ.

ಇನ್‌ಪುಟ್‌ನಲ್ಲಿ ಇನ್ನೂ ಎರಡು ಕೆಲಸ ಮಾಡಿದೆ. ಪ್ಲೇಯರ್‌ನ ಎಡ ಬಲ ಎರಡನ್ನೂ ನೇರ ಸೇರಿಸಬಾರದು, ಒಂದರ ಔಟ್‌ಪುಟ್ ಇನ್ನೊಂದರ ಜೊತೆ ಜಗಳಕ್ಕೆ ಬೀಳುತ್ತೆ. ಒಂದೊಂದಕ್ಕೆ 1 ಕಿಲೋ ಓಮ್ ಹಾಕಿ ಆಮೇಲೆ ಸೇರಿಸಿದೆ. ಈ ಐಸಿಗೆ ಇನ್‌ಪುಟ್ ಕಾಲು ಎರಡು. ಬಳಸದ ಕಾಲನ್ನೂ ಅದೇ ಬೆಲೆಯ ರೆಸಿಸ್ಟರ್, ಕೆಪಾಸಿಟರ್ ಮೂಲಕ ಜ್ಯಾಕ್‌ನ ಹತ್ತಿರದ ಗ್ರೌಂಡ್‌ಗೆ ತಂದೆ, ಬೋರ್ಡಿನ ಗ್ರೌಂಡ್‌ಗಲ್ಲ. ವೈರ್ ಮೇಲೆ ಕೂತ ಗೊಣಗು ಎರಡೂ ಕಾಲಿಗೆ ಸಮನಾಗಿ ಬಂದು ಒಳಗೆ ಕಳೆದುಹೋಗುತ್ತೆ.

ಇನ್‌ಪುಟ್ ಕೆಪಾಸಿಟರ್ ಮೊದಲು 0.1 ಮೈಕ್ರೋ ಫ್ಯಾರಡ್ ಇತ್ತು. 68 ಕಿಲೋ ಓಮ್ ಜೊತೆ ಅದು 23 ಹರ್ಟ್ಸ್‌ನಷ್ಟು ಕೆಳಗಿನ ದನಿಯನ್ನೂ ಒಳಗೆ ಬಿಡುತ್ತೆ. 3 ಇಂಚಿನ ಸ್ಪೀಕರ್‌ಗೆ ಅಷ್ಟು ಕೆಳಗಿನ ದನಿ ಹೊರಡಿಸಲು ಆಗುವುದೇ ಇಲ್ಲ. ಕೋನ್ ಸುಮ್ನೆ ಹಿಂದೆ ಮುಂದೆ ಅಲ್ಲಾಡಿ ಕರೆಂಟ್ ತಿನ್ನುತ್ತೆ, ದಪ್ಪ ದನಿಯವರು ಓದಿದರೆ ಡಬ್ಬ ಗುಂಯ್‌ಗುಡುತ್ತೆ. 15 ನ್ಯಾನೋ ಫ್ಯಾರಡ್‌ಗೆ ಇಳಿಸಿದೆ, ಸುಮಾರು 156 ಹರ್ಟ್ಸ್‌ನಿಂದ ಕೆಳಗೆ ಇಳಿಜಾರು. ಮಾತಿನ ಸ್ಪಷ್ಟತೆ ಇರುವುದು ಇದಕ್ಕಿಂತ ಬಹಳ ಮೇಲೆ. ಬದಲಿಸಿದ ದಿನ ಅಜ್ಜಿ, "ಈಗ ಅಕ್ಷರ ಬಿಡಿಬಿಡಿಯಾಗಿ ಕೇಳ್ತಾ ಇದೆ ಕಣೋ" ಅಂದರು. ಏನು ಬದಲಿಸಿದ್ದೇನೆ ಅಂತ ಅವರಿಗೆ ಹೇಳಿರಲಿಲ್ಲ.

ಮೀಟರ್ 11 ಮಿಲಿ ಆಂಪ್ ತೋರಿಸಿತು. ಟಿಡಿಎ ಐಸಿಯ ಐದನೇ ಒಂದು ಭಾಗ.

ಆನ್ ಆಗಿದೆ ಅಂತ ತೋರಿಸುವ ಎಲ್‌ಇಡಿ ಹಾಕಲಿಲ್ಲ. ಸಾಧಾರಣ ಎಲ್‌ಇಡಿಗೆ 3–4 ಮಿಲಿ ಆಂಪ್ ಕೊಟ್ಟರೂ ಅದು ಸುಮ್ಮನಿರುವ ಐಸಿಗಿಂತ ಜಾಸ್ತಿ ತಿಂದ ಹಾಗೆ. ಅಜ್ಜಿಗೆ ಅದು ಕಾಣುವುದೂ ಇಲ್ಲ. ಅವರಿಗೆ ಬೇಕಾದದ್ದು ಬೆರಳಿಗೆ ತಿಳಿಯುವ ಆ ಟಕ್.

ರೇಡಿಯೋ ತಂದ ತಕರಾರು

ಇಲ್ಲಿಗೆ ಮುಗಿಯಿತು ಅಂದುಕೊಂಡು ಡಬ್ಬ ಮುಚ್ಚಿ ಕೊಟ್ಟೆ. ಮರುದಿನ ಬೆಳಗ್ಗೆ ಅಜ್ಜಿ ಕರೆದರು. "ನಿನ್ನ ಸ್ಪೀಕರ್ ಹಾಕಿದ್ರೆ ನನ್ನ ರೇಡಿಯೋ ಕೂಗುತ್ತೆ ನೋಡು."

ಹೋಗಿ ನೋಡಿದೆ. ಒಂದು ಕೈಯಲ್ಲಿ ರೇಡಿಯೋ ಹಿಡಿದಿದ್ದರು, ಇನ್ನೊಂದು ಕೈ ಸ್ಪೀಕರ್ ನಾಬ್ ಮೇಲೆ. ಟಕ್ ಅಂತ ಆನ್ ಮಾಡಿದರೆ ವಾರ್ತೆಯ ಮೇಲೆ ಝೀ ಅನ್ನುವ ಪರದೆ ಬೀಳುತ್ತಿತ್ತು. ಆಫ್ ಮಾಡಿದರೆ ವಾರ್ತೆ ತಿಳಿಯಾಗುತ್ತಿತ್ತು. ರೇಡಿಯೋವನ್ನು ಸ್ಪೀಕರ್ ಹತ್ತಿರ ತಂದರೆ ಮಾತೇ ಮುಳುಗುತ್ತಿತ್ತು. ಅವರು ಅದನ್ನು ನಾಲ್ಕು ಸಲ ಮಾಡಿ ತೋರಿಸಿದರು. ಯಾವ ಅಳತೆ ಯಂತ್ರವೂ ಇಷ್ಟು ಸ್ಪಷ್ಟವಾಗಿ ತೋರಿಸುವುದಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಈ ಐಸಿ ಸುಮಾರು 250 ಕಿಲೋ ಹರ್ಟ್ಸ್‌ನಲ್ಲಿ ಆನ್ ಆಫ್ ಆಗುತ್ತೆ. ಚೂಪು ಅಂಚಿನ ಅಲೆಗೆ ಮರಿಗಳಿರುತ್ತವೆ: 500, 750, 1000, 1250 ಹೀಗೆ. ಮೀಡಿಯಂ ವೇವ್ ಇರುವುದು ಸುಮಾರು 530ರಿಂದ 1600 ಕಿಲೋ ಹರ್ಟ್ಸ್‌ವರೆಗೆ. ಮರಿಗಳು ಬಂದು ಬೀಳುವುದು ಸರಿಯಾಗಿ ಅಲ್ಲೇ. ಐಸಿಯೊಳಗಿನ ಗಡಿಯಾರ ಅಷ್ಟೇನೂ ಕರಾರುವಾಕ್ಕಲ್ಲ, ಬಿಸಿಗೂ ವೋಲ್ಟೇಜ್‌ಗೂ ಸ್ವಲ್ಪ ಸರಿಯುತ್ತೆ. ಹಾಗಾಗಿ ಯಾವ ನಿಲಯದ ಮೇಲೆ ಬೀಳುತ್ತೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಎಫ್‌ಎಂ ರೇಡಿಯೋ ಮಾತ್ರ ಇರುವ ಮನೆಯಲ್ಲಿ ಈ ತಕರಾರು ಬರುತ್ತಲೇ ಇರಲಿಲ್ಲವೇನೋ. ಇಲ್ಲಿ ಮೀಡಿಯಂ ವೇವ್ ರೇಡಿಯೋ ಅಜ್ಜಿಯ ಹಳೇ ಜೊತೆಗಾರ. ಅದನ್ನು ಕೆಡಿಸಿ ಹೊಸದು ಕೊಡುವ ಹಕ್ಕು ನನಗಿಲ್ಲ.

ಎರಡು ದಿನ ಯೋಚಿಸಿದೆ. ಟಿಡಿಎಗೇ ವಾಪಸು ಹೋಗಬಹುದಿತ್ತು. ಕ್ಲಾಸ್ ಎಬಿ ಯಾವ ರೇಡಿಯೋಗೂ ತೊಂದರೆ ಕೊಡುವುದಿಲ್ಲ. ಐದಾರು ದಿನಕ್ಕೊಮ್ಮೆ ಚಾರ್ಜ್ ಮಾಡಿದರಾಯಿತು. ರೇಡಿಯೋ ಮತ್ತು ಸ್ಪೀಕರ್ ಒಂದೇ ಡಬ್ಬದೊಳಗೆ ಇದ್ದಿದ್ದರೆ ನಾನು ಖಂಡಿತ ಹಾಗೇ ಮಾಡುತ್ತಿದ್ದೆ. ಮೀಡಿಯಂ ವೇವ್ ರೇಡಿಯೋ ಒಳಗೆ ಕ್ಲಾಸ್ ಡಿ ಹಾಕುವುದು ಬಾವಿ ಪಕ್ಕ ಬಚ್ಚಲು ತೋಡಿದ ಹಾಗೆ. ಇಲ್ಲಿ ಎರಡೂ ಬೇರೆ ಬೇರೆ ಪೆಟ್ಟಿಗೆ. ಮೊದಲು ಸೋರಿಕೆ ತಡೆದು ನೋಡೋಣ ಅಂತ ತೀರ್ಮಾನಿಸಿದೆ.

ಡಬ್ಬ ಬಿಚ್ಚಿದಾಗ ತಪ್ಪು ಎದ್ದು ಕಾಣುತ್ತಿತ್ತು. ಬೋರ್ಡ್ ನಾಬ್ ಪಕ್ಕ, ಸ್ಪೀಕರ್ ಡಬ್ಬದ ಇನ್ನೊಂದು ಕೊನೆಗೆ. ನಡುವೆ 40 ಸೆಂಟಿಮೀಟರ್ ವೈರ್, ಅದೂ ಎರಡು ಎಳೆ ಬೇರೆ ಬೇರೆ ದಾರಿಯಲ್ಲಿ ಸುತ್ತಿ ಹೋಗಿದ್ದವು. ಆನ್ ಆಫ್ ಆಗುವ ಕರೆಂಟ್‌ಗೆ ಅದು ಸೊಗಸಾದ ಆಂಟೆನಾ. ಬೋರ್ಡನ್ನು ಅಲ್ಲಿಂದ ಕಿತ್ತು ಸ್ಪೀಕರ್‌ನ ಬೆನ್ನಿಗೇ ಅಂಟಿಸಿದೆ. ಔಟ್‌ಪುಟ್ ವೈರ್ 4 ಸೆಂಟಿಮೀಟರ್‌ಗೆ ಇಳಿಯಿತು, ಎರಡನ್ನೂ ಹೆಣೆದೆ. ನಾಬ್‌ನಿಂದ ಬೋರ್ಡಿಗೆ ಬರುವ ಇನ್‌ಪುಟ್ ವೈರ್ ಉದ್ದವಾದರೂ ಪರವಾಗಿಲ್ಲ, ಶೀಲ್ಡ್ ವೈರ್ ಹಾಕಿದರೆ ಸಾಕು. ಐಸಿಯ ಎರಡೂ ಔಟ್‌ಪುಟ್ ಕಾಲಿನ ಹತ್ತಿರ ವೇಗದ ಅಲೆಗಳನ್ನು ತಡೆಯುವ ಒಂದೊಂದು ಫೆರೈಟ್ ಮಣಿ, ಮಣಿ ದಾಟಿದ ಮೇಲೆ ಗ್ರೌಂಡ್‌ಗೆ 1 ನ್ಯಾನೋ ಫ್ಯಾರಡ್. ಸಪ್ಲೈ ಕಾಲಿಗೆ ಒತ್ತಿ 1 ಮೈಕ್ರೋ ಫ್ಯಾರಡ್ ಸೆರಾಮಿಕ್, ಸ್ವಲ್ಪ ಈಚೆಗೆ 220 ಮೈಕ್ರೋ ಫ್ಯಾರಡ್. ಇದು ಇಲ್ಲದಿದ್ದರೆ ಸೆಲ್‌ನ ವೈರ್ ಕೂಡ ಆಂಟೆನಾ ಆಗುತ್ತೆ.

ಒಂದೊಂದೇ ಬದಲಾವಣೆ ಮಾಡಿ ರೇಡಿಯೋ ಹಿಡಿದು ನೋಡುತ್ತಾ ಹೋದೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದ್ದು ವೈರ್ ಗಿಡ್ಡ ಮಾಡಿದ್ದು. ಮೊದಲು ಒಂದು ಮಾರು ದೂರಕ್ಕೂ ಕೇಳುತ್ತಿದ್ದ ಝೀ ಈಗ ಒಂದು ಮೊಳದೊಳಗೆ ಮಾತ್ರ. ಮಣಿ ಹಾಕಿದ ಮೇಲೆ ಒಂದು ಗೇಣು. ರೇಡಿಯೋವನ್ನು ಸ್ಪೀಕರ್ ಮೇಲೆಯೇ ಇಟ್ಟರೆ ಈಗಲೂ ಸ್ವಲ್ಪ ಕೇಳುತ್ತೆ. ರೇಡಿಯೋ ಒಳಗಿನ ಫೆರೈಟ್ ಕಡ್ಡಿ ಆಂಟೆನಾಗೆ ದಿಕ್ಕು ಇರುತ್ತೆ, ರೇಡಿಯೋವನ್ನು ಕಾಲು ಸುತ್ತು ತಿರುಗಿಸಿದರೆ ಅದೂ ಅಡಗುತ್ತೆ. ಈ ಗುಟ್ಟನ್ನು ನಾನು ಹೇಳಿಕೊಡುವ ಮೊದಲೇ ಅಜ್ಜಿ ಕಂಡುಕೊಂಡಿದ್ದರು. ನಿಲಯ ಸರಿಯಾಗಿ ಸಿಗದಿದ್ದಾಗ ಅವರು ಮೊದಲಿನಿಂದಲೂ ಮಾಡುತ್ತಿದ್ದದ್ದು ಅದನ್ನೇ.

ದಿನಬಳಕೆಯಲ್ಲಿ

ಲೆಕ್ಕದ ಪ್ರಕಾರ 11 ಮಿಲಿ ಆಂಪ್, ಐದು ಗಂಟೆ, ದಿನಕ್ಕೆ 55. ಒಂದು ತಿಂಗಳು ಬರಬೇಕಿತ್ತು. ಮೊದಲ ಚಾರ್ಜ್ ಬಂದದ್ದು 15 ದಿನ.

ಸೆಲ್ ಕೆಟ್ಟಿದೆಯಾ ಅಂತ ನೋಡಿದೆ, ಇಲ್ಲ. ಹಗಲು ಫ್ಯಾನ್ ಓಡುವಾಗ ಅಜ್ಜಿ ನಾಬ್ ಸ್ವಲ್ಪ ಮೇಲೆ ತಿರುಗಿಸುತ್ತಾರೆ. 3 ಡೆಸಿಬೆಲ್ ಜಾಸ್ತಿ ಅಂದ್ರೆ ಎರಡರಷ್ಟು ಪವರ್, ಆಗ ಮೀಟರ್ 19 ತೋರಿಸುತ್ತೆ. ಕೇಳುವುದು ಐದು ಗಂಟೆಯಲ್ಲ, ಎಂಟು. ರಾತ್ರಿ ಕಥೆ ಓಡುತ್ತಿರುವಾಗಲೇ ನಿದ್ದೆ ಹೋಗುತ್ತಾರೆ. ಅರ್ಧ ಹೊತ್ತು 19, ಅರ್ಧ ಹೊತ್ತು 11 ಅಂತ ಹಿಡಿದರೆ ದಿನಕ್ಕೆ 120 ಮಿಲಿ ಆಂಪ್ ಅವರ್. ಹದಿನೈದು ದಿನಕ್ಕೆ ಸರಿಯಾಯಿತು. ಇದೇ ಬಳಕೆಗೆ ಟಿಡಿಎ ಇದ್ದಿದ್ದರೆ ದಿನಕ್ಕೆ 530ರ ಮೇಲೆ ಹೋಗುತ್ತಿತ್ತು, ಮೂರು ದಿನ ದಾಟಿದರೆ ಹೆಚ್ಚು. ಜನ ನಾವು ಬರೆದುಕೊಂಡ ಐದು ಗಂಟೆಯ ಹಾಗೆ ಬದುಕುವುದಿಲ್ಲ. ಲೆಕ್ಕದಲ್ಲಿ ದುಪ್ಪಟ್ಟು ಜಾಗ ಬಿಟ್ಟುಕೊಳ್ಳಿ.

ಚಾರ್ಜ್ ಮಾಡಲು ಟಿಪಿ4056 ಬೋರ್ಡ್, ಸೆಲ್ ತೀರಾ ಬರಿದಾಗದಂತೆ ಕಡಿದು ಹಾಕುವ ರಕ್ಷಣೆ ಇರುವಂಥದ್ದು. ರಕ್ಷಣೆ ಇಲ್ಲದ ಬೋರ್ಡೂ ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತೆ, ನೋಡಿ ಕೊಳ್ಳಿ. ನಿದ್ದೆ ಹೋದವರ ಸ್ಪೀಕರ್ ರಾತ್ರಿಯಿಡೀ ಆನ್ ಇರುತ್ತೆ ಅಂತ ಗೊತ್ತಾದ ಮೇಲೆ ಈ ರಕ್ಷಣೆ ಬಿಡುವ ಮಾತೇ ಇಲ್ಲ.

ಪುಸ್ತಕ ಮುಗಿದ ಮೇಲೆ ಬೆಳಗಿನವರೆಗೆ ಐಸಿ ಸುಮ್ಮನೆ 2.8 ಮಿಲಿ ಆಂಪ್ ಎಳೆಯುತ್ತಾ ಕೂತಿರುತ್ತೆ. ಎಂಟು ಗಂಟೆಗೆ 22 ಮಿಲಿ ಆಂಪ್ ಅವರ್. ಎರಡು ಚಾನೆಲ್‌ನ ಆ ಬೋರ್ಡ್ ಆಗಿದ್ದರೆ 80. ಐಸಿಯ ಶಟ್‌ಡೌನ್ ಕಾಲನ್ನು ಈಗ ಒಂದು ರೆಸಿಸ್ಟರ್ ಮೂಲಕ ಪಾಸಿಟಿವ್‌ಗೆ ಕಟ್ಟಿಟ್ಟಿದ್ದೇನೆ. ಹತ್ತು ನಿಮಿಷ ಸದ್ದು ಬರದಿದ್ದರೆ ಅದನ್ನು ಕೆಳಗೆ ಎಳೆಯುವ ಸಣ್ಣ ಸರ್ಕ್ಯೂಟ್ ಮಾಡಬಹುದು. ಅಜ್ಜಿಯನ್ನು ಕೇಳಿದೆ. "ಮತ್ತೆ ಕೇಳಬೇಕು ಅಂದ್ರೆ ಏನು ಮಾಡಬೇಕು?" ಅಂದರು. ಪ್ಲೇಯರ್ ಶುರು ಮಾಡಿದರೆ ತಾನೇ ಎಚ್ಚರವಾಗುತ್ತೆ, ಆದರೆ ಮೊದಲ ಒಂದೆರಡು ಅಕ್ಷರ ತಪ್ಪಿಹೋಗಬಹುದು ಅಂದೆ.

"ಹಾಗಾದ್ರೆ ಬೇಡ" ಅಂದರು.

ಆ ಕಾಲು ಹಾಗೇ ಕಟ್ಟಿಕೊಂಡಿದೆ. ತಿಂಗಳಿಗೆ ಎರಡು ಸಲ ಚಾರ್ಜ್ ಮಾಡುತ್ತೇನೆ.